ಕೆಲಸಕ್ಕೆ ಮರಳುವ ತಾಯಿಗೆ ಎಂಥ ಬ್ರೆಸ್ಟ್ ಪಂಪ್ ಬೇಕು

ಎದೆಹಾಲನ್ನು ಸೆಳೆದು ತೆಗೆಯುವ ಬ್ರೆಸ್ಟ್ ಪಂಪ್ ಕೊಳ್ಳಲೆಂದು ಅಂತರ್ಜಾಲದಲ್ಲಿ ಹುಡುಕತೊಡಗಿದ ತಾಯಿಯನ್ನು ಮೊದಲು ಗೊಂದಲಕ್ಕೀಡುಮಾಡುವುದು ಬೆಲೆ. ಸಾವಿರ ರೂಪಾಯಿಯ ಆಸುಪಾಸಿನಲ್ಲೂ ಪಂಪ್ ಸಿಗುತ್ತದೆ, ಅದರ ಇಪ್ಪತ್ತು ಪಟ್ಟು ಕೊಟ್ಟರೂ ಸಿಗುತ್ತದೆ, ಎರಡರ ಪೆಟ್ಟಿಗೆಯ ಮೇಲೂ ನಗುತ್ತಿರುವ ತಾಯಿಯ ಚಿತ್ರ ಒಂದೇ ಬಗೆಯದು. ಹಾಲುಪುಡಿ ಮತ್ತು ಹಾಲುಣಿಸುವ ಬಾಟಲಿಗಳ ಜಾಹೀರಾತನ್ನು ನಮ್ಮ ದೇಶದಲ್ಲಿ 1992ರ ಕಾಯಿದೆಯೇ ನಿಷೇಧಿಸಿದೆ, ಆದರೆ ಪಂಪಿನ ಜಾಹೀರಾತಿಗೆ ಅಂಥ ತಡೆಯೇನೂ ಇಲ್ಲವಾದ್ದರಿಂದ ಮೊಬೈಲಿನಲ್ಲಿ ಒಮ್ಮೆ ಹುಡುಕಿದರೆ ಸಾಕು, ಮುಂದಿನ ಹಲವು ವಾರ ಬೇರೇನೂ ಕಾಣಿಸುವುದಿಲ್ಲ. ಆ ಜಾಹೀರಾತುಗಳೆಲ್ಲ ಮೋಟರಿನ ಶಕ್ತಿ, ವೇಗದ ಹಂತಗಳ ಸಂಖ್ಯೆ, ಬಣ್ಣದ ಪರದೆ ಇವುಗಳ ಬಗ್ಗೆಯೇ ಮಾತನಾಡುತ್ತವೆ. ದಿನವೂ ಪಂಪ್ ಬಳಸಿದ ಅನುಭವದಿಂದ ಹೇಳುವುದಾದರೆ, ಒಂದು ಪಂಪ್ ನಮಗೆ ಒಗ್ಗುತ್ತದೆಯೋ ಇಲ್ಲವೋ ಎಂಬುದು ಬಹುಪಾಲು ತೀರ್ಮಾನವಾಗುವುದು ಮೈಗೆ ತಾಗುವ ಪ್ಲಾಸ್ಟಿಕ್ ಕೊಳವೆಯ ಅಳತೆಯಿಂದ, ಸವೆದಾಗ ಬದಲಿಸಬೇಕಾದ ರಬ್ಬರಿನ ಬಿಡಿಭಾಗಗಳಿಂದ ಮತ್ತು ಅದನ್ನು ಎಲ್ಲಿ ಕುಳಿತು ಬಳಸಿ ಎಲ್ಲಿ ತೊಳೆಯುತ್ತೇವೆ ಎಂಬುದರಿಂದ.

ನಾನು ಬೆಂಗಳೂರಿನ ಖಾಸಗಿ ಸಂಸ್ಥೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಹೆರಿಗೆ ಸೌಲಭ್ಯ ಕಾಯಿದೆಗೆ ಆದ 2017ರ ತಿದ್ದುಪಡಿಯ ನಂತರ ಮೊದಲ ಎರಡು ಹೆರಿಗೆಗಳಿಗೆ 26 ವಾರಗಳ ವೇತನಸಹಿತ ರಜೆ ದೊರೆಯುತ್ತದೆ, ಅದರಲ್ಲಿ 8 ವಾರಗಳವರೆಗೆ ಹೆರಿಗೆಗೆ ಮುಂಚೆಯೇ ತೆಗೆದುಕೊಳ್ಳಬಹುದು. ಮುಂಚೆಯೇ ರಜೆ ಹಾಕಿದವರಿಗೆ ಮಗು ಹುಟ್ಟಿದ ಮೇಲೆ ಉಳಿಯುವುದು ನಾಲ್ಕು ತಿಂಗಳಿಗಿಂತ ಸ್ವಲ್ಪ ಹೆಚ್ಚು ಅಷ್ಟೆ. ಮೊದಲ ಆರು ತಿಂಗಳು ಮಗುವಿಗೆ ಎದೆಹಾಲಿನ ಹೊರತು ಬೇರೇನೂ ಬೇಡ, ನೀರೂ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ರಜೆ ಮುಗಿಯುವ ದಿನಕ್ಕೂ ಆರು ತಿಂಗಳು ತುಂಬುವ ದಿನಕ್ಕೂ ನಡುವೆ ಉಳಿಯುವ ಈ ಅಂತರವನ್ನು ತುಂಬುವುದಕ್ಕಾಗಿಯೇ ನನ್ನಂಥವರಿಗೆ ಪಂಪ್ ಬೇಕಾಗುತ್ತದೆ. ಮಗುವಿನ ಜೊತೆಯಲ್ಲೇ ಮನೆಯಲ್ಲಿರುವ, ಮಗು ಚೆನ್ನಾಗಿ ಕಚ್ಚಿಕೊಂಡು ಕುಡಿಯುತ್ತಿರುವ ತಾಯಿಗೆ ಪಂಪಿನ ಅಗತ್ಯವೇ ಇಲ್ಲವೆಂಬುದನ್ನು ಮೊದಲೇ ಹೇಳಿಬಿಡಬೇಕು. ಸೀಮಂತದ ಉಡುಗೊರೆಗಳ ಪಟ್ಟಿಯಲ್ಲಿ ಪಂಪನ್ನೂ ಸೇರಿಸುವ ಹೊಸ ರೂಢಿ ನನಗೆ ಹಿಡಿಸುವುದಿಲ್ಲ, ಏಕೆಂದರೆ ಅದು ಬೇಕೇ, ಬೇಕಾದರೆ ಎಂಥದು ಎಂಬುದು ಹೆರಿಗೆಯಾಗಿ ಕೆಲವು ವಾರ ಕಳೆಯುವವರೆಗೆ ಯಾರಿಗೂ ತಿಳಿದಿರುವುದಿಲ್ಲ. ಅದೂ ಅಲ್ಲದೆ ಮೊದಲ ದಿನಗಳ ದಪ್ಪನೆಯ ಹಳದಿ ಹಾಲು ಹನಿಹನಿಯಾಗಿ ಬರುವಂಥದು, ಪಂಪಿನ ಗೋಡೆಗಳಿಗೇ ಅಂಟಿಕೊಂಡು ಹೋಗುತ್ತದೆ. ಆಗ ಬೇಕೆಂದರೆ ಕೈಯಿಂದ ಹಿಂಡಿ ಚಮಚೆಯಲ್ಲಿ ಹಿಡಿದು ಕುಡಿಸುವುದೇ ಸರಿ, ಹಾಗೆ ಹಿಂಡುವುದನ್ನು ಆಸ್ಪತ್ರೆಯ ದಾದಿಯರಿಂದ ಕೇಳಿ ಕಲಿತಿರುವುದು ಮುಂದೆ ಪಂಪ್ ಕೈಕೊಟ್ಟ ದಿನವೂ ಉಪಯೋಗಕ್ಕೆ ಬರುತ್ತದೆ.

ಪಂಪ್ ಏನು ಮಾಡುತ್ತದೆ ಎಂಬುದನ್ನು ಅರಿಯಲು ಹಾಲು ಹೇಗೆ ಬರುತ್ತದೆ ಎಂಬುದನ್ನು ತಿಳಿದಿರಬೇಕು. ಹಾಲನ್ನು ತಯಾರಿಸುವ ಕೆಲಸ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನಿನದು, ತಯಾರಾದ ಹಾಲನ್ನು ಗ್ರಂಥಿಗಳಿಂದ ನಾಳಗಳಿಗೆ ತಳ್ಳುವ ಕೆಲಸ ಆಕ್ಸಿಟೋಸಿನ್ ಹಾರ್ಮೋನಿನದು. ಹಸು ಕಟ್ಟಿದ ಮನೆಯಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಕರುವನ್ನು ಒಂದಿಷ್ಟು ಹೊತ್ತು ಕುಡಿಯಲು ಬಿಟ್ಟು, ಹಸು ತೊರೆ ಬಿಟ್ಟ ಮೇಲಷ್ಟೇ ಕರೆಯಲು ಕೂರುತ್ತಾರೆ, ತೊರೆ ಬಿಡದ ಹಸುವಿನ ಕೆಚ್ಚಲನ್ನು ಎಷ್ಟು ಎಳೆದರೂ ಚೊಂಬು ತುಂಬುವುದಿಲ್ಲ. ಮಗುವೂ ಅಷ್ಟೆ, ಮೊದಲು ಬೇಗಬೇಗನೆ ಮೆಲ್ಲಗೆ ಚೀಪುತ್ತದೆ, ಹಾಲು ಇಳಿದ ಮೇಲೆ ನಿಧಾನವಾಗಿ ಆಳವಾಗಿ ಗುಟುಕರಿಸುತ್ತದೆ. ಒಳ್ಳೆಯ ವಿದ್ಯುತ್ ಪಂಪುಗಳು ಇದನ್ನೇ ಎರಡು ಹಂತಗಳಲ್ಲಿ ಅನುಕರಿಸುತ್ತವೆ. ಆರಂಭದ ಒಂದೆರಡು ನಿಮಿಷ ವೇಗವಾಗಿ, ಹಗುರವಾಗಿ ಸೆಳೆಯುತ್ತವೆ, ಹಾಲು ಇಳಿದ ಮೇಲೆ ನಿಧಾನವಾಗಿ, ಬಲವಾಗಿ ಸೆಳೆಯುತ್ತವೆ. ಈ ಎರಡು ಹಂತಗಳನ್ನು ನಾವೇ ಗುಂಡಿಯೊತ್ತಿ ಬದಲಿಸುವಂತಿದ್ದರೆ ಉತ್ತಮ, ಏಕೆಂದರೆ ಕೆಲಸದ ಜಾಗದಲ್ಲಿ ಹಾಲು ಇಳಿಯುವುದಕ್ಕೆ ಕೆಲವು ದಿನ ಹೆಚ್ಚು ಹೊತ್ತು ಹಿಡಿಯುತ್ತದೆ. ತಿಂಗಳ ಕೊನೆಯ ಲೆಕ್ಕ ಮುಗಿಸುವ ದಿನಗಳಲ್ಲಿ ನನಗೆ ಹಾಗೆ ಆಗುತ್ತಿತ್ತು, ಆಗ ಮಗುವಿನ ವಿಡಿಯೊ ನೋಡುತ್ತ ಕೂರುವುದು ಮೋಟರಿನ ಬಲ ಏರಿಸುವುದಕ್ಕಿಂತ ಹೆಚ್ಚು ಫಲ ಕೊಡುತ್ತಿತ್ತು.

ಬಲ ಹೆಚ್ಚಿದಷ್ಟೂ ಹಾಲು ಹೆಚ್ಚು ಬರುತ್ತದೆಂಬುದು ಮಾರುವವರು ಹಬ್ಬಿಸಿದ ನಂಬಿಕೆ. ಹೀರುವ ಬಲವನ್ನು ಪಾದರಸದ ಮಿಲಿಮೀಟರುಗಳಲ್ಲಿ ಅಳೆಯುತ್ತಾರೆ, ಮನೆಬಳಕೆಯ ಬಹುತೇಕ ಪಂಪುಗಳ ಗರಿಷ್ಠ ಬಲ 250ರಿಂದ 300ರ ಸುತ್ತ ಇರುತ್ತದೆ, ಅದರ ತುದಿಯನ್ನು ಮುಟ್ಟಬೇಕಾದ ಅಗತ್ಯ ಹೆಚ್ಚಿನವರಿಗೆ ಬೀಳುವುದೇ ಇಲ್ಲ. ನೋವು ಆರಂಭವಾಗುವುದಕ್ಕಿಂತ ಒಂದು ಹಂತ ಕೆಳಗೆ ನಿಲ್ಲಿಸಿದರೆ ಅದೇ ನಮ್ಮ ಸರಿಯಾದ ಹಂತ, ನೋವಾದರೆ ಆಕ್ಸಿಟೋಸಿನ್ ಹಿಂಜರಿಯುವುದರಿಂದ ಹಾಲು ಕಡಿಮೆಯಾಗುತ್ತದೆಯೇ ಹೊರತು ಹೆಚ್ಚುವುದಿಲ್ಲ. ಇದು ಹೊಸ ತಿಳಿವಳಿಕೆಯೇನಲ್ಲ. ಚದುರಂಗದ ಪ್ರಸಿದ್ಧ ಆಟಗಾರ, ವೃತ್ತಿಯಿಂದ ಎಂಜಿನಿಯರ್ ಆಗಿದ್ದ ಎಡ್ವರ್ಡ್ ಲಾಸ್ಕರ್ 1920ರ ದಶಕದಲ್ಲಿ ಅಮೆರಿಕದಲ್ಲಿ ವಿದ್ಯುತ್ ಪಂಪೊಂದಕ್ಕೆ ಪೇಟೆಂಟ್ ಪಡೆದಿದ್ದರು. 1956ರಲ್ಲಿ ಸ್ವೀಡನ್ನಿನ ಎಂಜಿನಿಯರ್ ಐನಾರ್ ಎಗ್ನೆಲ್ ತಾಯಿಯ ಮೈಗೆ ಪೆಟ್ಟಾಗದಂತೆ ಎಷ್ಟು ಬಲದಿಂದ, ಯಾವ ಲಯದಲ್ಲಿ ಸೆಳೆಯಬೇಕೆಂಬುದನ್ನು ಅಧ್ಯಯನ ಮಾಡಿ ರೂಪಿಸಿದ ಯಂತ್ರವೇ ಮುಂದಿನ ಆಸ್ಪತ್ರೆ ಪಂಪುಗಳಿಗೆ ಮಾದರಿಯಾಯಿತು. ಅವರು ಹಾಕಿಕೊಂಡ ಮಿತಿ ಸುಮಾರು 200 ಆಗಿತ್ತು. ಅಷ್ಟು ಹಿಂದೆಯೇ ಬಗೆಹರಿದ ವಿಷಯವನ್ನು ಇಂದಿನ ಜಾಹೀರಾತುಗಳು ಮತ್ತೆ ಮೊದಲಿನಿಂದ ಶುರುಮಾಡುತ್ತಿವೆ.

ಇನ್ನು ಮಾರುಕಟ್ಟೆಯಲ್ಲಿರುವ ಬಗೆಗಳು. ಹಳೆಯ ಔಷಧಿ ಅಂಗಡಿಗಳಲ್ಲಿ ಈಗಲೂ ಸಿಗುವ, ಗಾಜಿನ ಬುರುಡೆಗೆ ರಬ್ಬರಿನ ಗುಂಡು ಜೋಡಿಸಿದ ಅಗ್ಗದ ಪಂಪನ್ನು ಖಂಡಿತ ಕೊಳ್ಳಬಾರದು. ಅದರ ಸೆಳೆತದ ಮೇಲೆ ನಮಗೆ ಹಿಡಿತವಿರುವುದಿಲ್ಲ, ಹಾಲು ರಬ್ಬರಿನ ಗುಂಡಿನೊಳಗೆ ಹೋಗಿ ಕೂರುತ್ತದೆ, ಆ ಜಾಗವನ್ನು ಪೂರ್ತಿ ತೊಳೆಯುವುದು ಸಾಧ್ಯವೇ ಇಲ್ಲ. ಹಿಡಿ ಒತ್ತುವ ಕೈಪಂಪು ಬೇರೆಯೇ ವಸ್ತು, ಸದ್ದಿಲ್ಲ, ಕರೆಂಟ್ ಬೇಡ, ತೊಳೆಯುವ ಭಾಗಗಳು ಕಡಿಮೆ. ವಾರಕ್ಕೊಮ್ಮೆ ಹೊರಗೆ ಹೋಗುವವರಿಗೆ, ಎದೆ ಬಿಗಿದು ಕಲ್ಲಿನಂತಾದಾಗ ಸ್ವಲ್ಪ ಹಾಲು ತೆಗೆದು ಹಗುರಾಗಬೇಕಾದವರಿಗೆ ಅದೇ ಸಾಕು, ಆದರೆ ದಿನಕ್ಕೆ ಮೂರು ಬಾರಿ ಒತ್ತುವುದಾದರೆ ಮಣಿಕಟ್ಟು ಸೋಲುತ್ತದೆ. ಒಂದು ಕಡೆ ಮಗು ಕುಡಿಯುವಾಗ ಇನ್ನೊಂದು ಕಡೆಗೆ ಅಂಟಿಸಿಡುವ ಸಿಲಿಕೋನ್ ಬುಡ್ಡಿಯನ್ನು ಕೆಲವರು ಪಂಪ್ ಎಂದೇ ಕರೆಯುತ್ತಾರೆ, ಅದು ತಾನಾಗಿ ಸೋರಿ ಹೋಗುವ ಹಾಲನ್ನು ಹಿಡಿದಿಡುತ್ತದೆ, ಮಗುವಿಲ್ಲದ ಹೊತ್ತಿನಲ್ಲಿ ಅದನ್ನೇ ನಂಬಿ ಕೂರಲಾಗುವುದಿಲ್ಲ.

ನಿತ್ಯದ ಬಳಕೆಗೆ ಉಳಿಯುವುದು ವಿದ್ಯುತ್ ಪಂಪುಗಳು, ಅವುಗಳಲ್ಲಿ ಒಂದು ಕಡೆಯದು, ಎರಡು ಕಡೆಯದು ಎಂಬ ಪ್ರಶ್ನೆ. ಇಲ್ಲಿ ಸರಳವಾದ ಲೆಕ್ಕವೊಂದನ್ನು ಹಾಕಿ ನೋಡಬೇಕು. ಪ್ರಯಾಣವೂ ಸೇರಿ ತಾಯಿ ಹತ್ತು ಗಂಟೆ ಮನೆಯಿಂದ ಹೊರಗಿದ್ದರೆ ಮೂರು ಮೂರೂವರೆ ಗಂಟೆಗೊಮ್ಮೆಯಂತೆ ಮೂರು ಬಾರಿ ಹಾಲು ತೆಗೆಯಬೇಕಾಗುತ್ತದೆ. ಎರಡೂ ಕಡೆ ಒಟ್ಟಿಗೆ ತೆಗೆದರೆ ಒಮ್ಮೆಗೆ 15ರಿಂದ 20 ನಿಮಿಷ, ಒಂದಾದ ಮೇಲೊಂದು ತೆಗೆದರೆ ಅದರ ಎರಡು ಪಟ್ಟು. ಅಂದರೆ ದಿನಕ್ಕೆ ಒಂದು ಗಂಟೆಗೂ ಎರಡು ಗಂಟೆಗೂ ಇರುವ ವ್ಯತ್ಯಾಸ ಅದು, ಖಾಸಗಿ ಸಂಸ್ಥೆಯಲ್ಲಿ ಕೆಲಸ ಮಾಡುವವರು ಆ ಎರಡನೆಯ ಗಂಟೆಯನ್ನು ಎಲ್ಲಿಂದ ತರುವುದು? ಜೊತೆಗೆ ಎರಡೂ ಕಡೆ ಒಟ್ಟಿಗೆ ತೆಗೆಯುವಾಗ ಒಮ್ಮೆ ಇಳಿದ ಹಾಲು ಎರಡರಲ್ಲೂ ದೊರೆಯುತ್ತದೆ. ಬೆಲೆಯಲ್ಲಿ ಕೆಲವು ಸಾವಿರ ಹೆಚ್ಚಾದರೂ ನಿತ್ಯ ಕೆಲಸಕ್ಕೆ ಹೋಗುವವರು ಎರಡು ಕಡೆಯ ಪಂಪನ್ನೇ ತೆಗೆದುಕೊಳ್ಳಬೇಕೆಂಬುದು ನನ್ನ ಖಚಿತ ಅಭಿಪ್ರಾಯ, ಉಳಿತಾಯ ಮಾಡಬೇಕಿದ್ದರೆ ಪರದೆ, ಮೊಬೈಲ್ ಆ್ಯಪ್ ಮೊದಲಾದ ಬೇಡದ ಅಲಂಕಾರಗಳಲ್ಲಿ ಮಾಡಬಹುದು.

ಒಳಉಡುಪಿನೊಳಗೇ ಧರಿಸಿಕೊಂಡು ಓಡಾಡಬಹುದಾದ, ಕೊಳವೆ ತಂತಿಗಳಿಲ್ಲದ ಪಂಪುಗಳು ಕಳೆದ ದಶಕದ ಕೊನೆಯ ವರ್ಷಗಳಲ್ಲಿ ಬಂದವು, ಈಗ ಇಲ್ಲಿಯೂ ಹಲವು ಬೆಲೆಗಳಲ್ಲಿ ಸಿಗುತ್ತವೆ. ಬಾಗಿಲಿರುವ ಕೋಣೆಯೇ ಇಲ್ಲದ ಕಚೇರಿಯಲ್ಲಿ ಕೆಲಸ ಮಾಡುವವರಿಗೆ, ತರಗತಿಯಿಂದ ತರಗತಿಗೆ ಓಡುವ ಶಿಕ್ಷಕಿಯರಿಗೆ, ದೂರದ ಬಸ್ ಪ್ರಯಾಣ ಮಾಡುವವರಿಗೆ ಅವು ವರವೇ ಸರಿ. ಆದರೂ ಅವನ್ನು ಮೊದಲ ಮತ್ತು ಏಕೈಕ ಪಂಪಾಗಿ ಕೊಳ್ಳಲು ನಾನು ಯಾರಿಗೂ ಹೇಳಲಾರೆ. ಬಟ್ಟಲು ಸರಿಯಾದ ಜಾಗದಲ್ಲಿ ಕುಳಿತಿದೆಯೇ ಎಂಬುದು ಮೇಲಿನಿಂದ ಕಾಣುವುದಿಲ್ಲ, ತುಸು ಸರಿದರೂ ಹಾಲು ಬರುವುದು ನಿಲ್ಲುತ್ತದೆ, ಮುಂದಕ್ಕೆ ಬಾಗಿದರೆ ಕೆಲವು ಮಾದರಿಗಳಲ್ಲಿ ಸೋರುತ್ತದೆ. ಮೋಟರು ಚಿಕ್ಕದಾಗಿರುವುದರಿಂದ ಕೆಲವರಿಗೆ ಎದೆ ಪೂರ್ತಿ ಬರಿದಾಗುವುದಿಲ್ಲ. ಬರಿದಾಗದೆ ಉಳಿದ ಎದೆಯಲ್ಲಿ ಹಾಲಿನ ತಯಾರಿಕೆ ನಿಧಾನವಾಗುತ್ತದೆ ಎಂಬುದೇ ಈ ವ್ಯವಹಾರದ ಮೂಲ ನಿಯಮ, ಆದ್ದರಿಂದ ಒಂದು ದಿನದ ಕೊರತೆ ಸಣ್ಣದೆನಿಸಿದರೂ ವಾರಗಳು ಕಳೆದಂತೆ ಅದು ಹಾಲನ್ನೇ ತಗ್ಗಿಸಬಹುದು. ಹಾಲು ಚೆನ್ನಾಗಿ ನೆಲೆಗೊಂಡ ಮೇಲೆ, ದಿನದ ಒಂದು ಹೊತ್ತಿಗೆ ಮಾತ್ರ ಅದನ್ನು ಬಳಸುವುದು ಬೇರೆ ಮಾತು.

ಆಸ್ಪತ್ರೆ ದರ್ಜೆಯ ಪಂಪ್ ಎಂಬ ಮಾತು ಪೆಟ್ಟಿಗೆಗಳ ಮೇಲೆ ಢಾಳಾಗಿ ಕಾಣುತ್ತದೆ. ಆ ಮಾತಿಗೆ ಒಪ್ಪಿತವಾದ ವ್ಯಾಖ್ಯೆಯಿಲ್ಲವೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವೇ ಹೇಳಿದೆ, ಯಾರು ಬೇಕಾದರೂ ಅಚ್ಚು ಹಾಕಿಕೊಳ್ಳಬಹುದು. ನಿಜವಾಗಿ ಆಸ್ಪತ್ರೆಗಳಲ್ಲಿ ಬಳಸುವ, ಹಲವು ತಾಯಂದಿರು ತಮ್ಮ ತಮ್ಮ ಕಿಟ್ ಜೋಡಿಸಿಕೊಂಡು ಬಳಸಬಹುದಾದ ಯಂತ್ರಗಳು ಬೇರೆ ಇವೆ, ಅವು ಭಾರವಾದವು, ಮನೆಗೆ ಕೊಳ್ಳಲಾಗದಷ್ಟು ದುಬಾರಿ, ಆದರೆ ಬೆಂಗಳೂರಿನಂಥ ನಗರಗಳಲ್ಲಿ ತಿಂಗಳ ಬಾಡಿಗೆಗೆ ದೊರೆಯುತ್ತವೆ. ಅವಧಿಗೆ ಮುನ್ನ ಹುಟ್ಟಿದ ಮಗು ನವಜಾತ ಶಿಶುಗಳ ತೀವ್ರ ನಿಗಾ ಘಟಕವಾದ ಎನ್‌ಐಸಿಯುನಲ್ಲಿದ್ದು ಎದೆಗೆ ಕಚ್ಚಲಾರದೆ ಇರುವಾಗ, ಹಾಲನ್ನು ಮೊದಲಿನಿಂದ ಪಂಪಿನಿಂದಲೇ ತರಿಸಬೇಕಾದಾಗ, ಅಂಥ ಯಂತ್ರವನ್ನು ಬಾಡಿಗೆಗೆ ತರುವುದು ಜಾಣತನ. ಮಗು ಕುಡಿಯುತ್ತಲೇ ಇದ್ದು, ಹಾಲು ಆಗಲೇ ನೆಲೆಗೊಂಡಿದ್ದ ನನ್ನ ಸಂದರ್ಭದಲ್ಲಿ ಅದು ಬೇಕಿರಲಿಲ್ಲ.

ಈಗ ನಾನು ಮುಖ್ಯವೆಂದು ಹೇಳಿದ ಕೊಳವೆಯ ಅಳತೆಗೆ ಬರುತ್ತೇನೆ. ಎದೆಯ ಮೇಲೆ ಕೂರುವ ಆಲಿಕೆಯಾಕಾರದ ಭಾಗವನ್ನು ಫ್ಲ್ಯಾಂಜ್ ಎಂದು ಕರೆಯುತ್ತಾರೆ, ಅದರ ಮಧ್ಯದ ಕೊಳವೆಯೊಳಗೆ ಮೊಲೆತೊಟ್ಟು ಹಿಂದಕ್ಕೂ ಮುಂದಕ್ಕೂ ಸರಿಯುತ್ತದೆ. ಬಹಳಷ್ಟು ಪಂಪುಗಳ ಜೊತೆ ಬರುವ ಫ್ಲ್ಯಾಂಜಿನ ಅಳತೆ 24 ಮಿಲಿಮೀಟರ್, ಕೆಲವದರ ಜೊತೆ 27 ಅಥವಾ 28. ಎಲ್ಲರಿಗೂ ಒಂದೇ ಅಳತೆಯ ಚಪ್ಪಲಿಯನ್ನು ಯಾರೂ ಮಾರುವುದಿಲ್ಲ, ಆದರೆ ಫ್ಲ್ಯಾಂಜನ್ನು ಹಾಗೆಯೇ ಮಾರುತ್ತಾರೆ, ಹೊಂದದಿದ್ದಾಗ ತಾಯಿಯೇ ತನಗೆ ಹಾಲು ಕಡಿಮೆ ಎಂದುಕೊಂಡು ಕೊರಗುತ್ತಾಳೆ. ಅಳತೆ ತೆಗೆಯುವುದು ಕಷ್ಟವೇನಲ್ಲ, ಹಾಲುಣಿಸಿ ಸ್ವಲ್ಪ ಹೊತ್ತಾದ ಮೇಲೆ ತೊಟ್ಟಿನ ಬುಡದ ಅಡ್ಡಗಲವನ್ನು ಮಾತ್ರ, ಸುತ್ತಲಿನ ಕಂದು ಭಾಗವನ್ನು ಸೇರಿಸದೆ, ಮಿಲಿಮೀಟರುಗಳಿರುವ ಅಳತೆಪಟ್ಟಿಯಿಂದ ನೋಡಬೇಕು. ಆ ಅಳತೆಗೆ ಮೂರು ನಾಲ್ಕು ಮಿಲಿಮೀಟರ್ ಸೇರಿಸಿ ಫ್ಲ್ಯಾಂಜ್ ಆರಿಸಬೇಕೆಂಬುದು ಹಳೆಯ ಸಲಹೆ, ಈಗಿನ ಸ್ತನ್ಯಪಾನ ಸಲಹೆಗಾರರಲ್ಲಿ ಹಲವರು ತೊಟ್ಟಿನ ಅಳತೆಗೆ ಇನ್ನೂ ಹತ್ತಿರವಾದುದನ್ನೇ ಸೂಚಿಸುತ್ತಾರೆ. ನನ್ನ ಅಳತೆ 17 ಮಿಲಿಮೀಟರ್, 24ರ ಫ್ಲ್ಯಾಂಜಿನಲ್ಲಿ ಕಂದು ಭಾಗವೂ ಸೇರಿ ಒಳಗೆ ಎಳೆಯಲ್ಪಟ್ಟು ಊದಿಕೊಳ್ಳುತ್ತಿತ್ತು. ಕೆಲವು ನೂರು ರೂಪಾಯಿಗೆ ಸಿಗುವ 19ರ ಸಿಲಿಕೋನ್ ಒಳಬಳೆಯನ್ನು ತರಿಸಿ ಹಾಕಿದ ಮೇಲೆ ಅದೇ ಮೋಟರು, ಅದೇ ಹಂತ, ಆದರೆ ನೋವೂ ಇಲ್ಲ, ಹಾಲೂ ಬೇಗ.

ಹೊಂದಿಕೆ ಸರಿಯಾಗಿದೆಯೇ ಎಂಬುದನ್ನು ಪಂಪ್ ನಡೆಯುವಾಗಲೇ ನೋಡಿ ತಿಳಿಯಬಹುದು. ತೊಟ್ಟು ಕೊಳವೆಯ ಗೋಡೆಗಳಿಗೆ ಉಜ್ಜದೆ ಸರಾಗವಾಗಿ ಚಲಿಸಬೇಕು, ಬುಡದಲ್ಲಿ ಬಿಳಚಿಕೊಳ್ಳಬಾರದು, ಮುಗಿದ ಮೇಲೆ ಒಂದು ಕಡೆ ಗಂಟಿನಂತೆ ಹಾಲು ಕಟ್ಟಿಕೊಂಡಿರಬಾರದು. ಎಡಕ್ಕೂ ಬಲಕ್ಕೂ ಬೇರೆ ಅಳತೆ ಬೇಕಾಗಬಹುದು, ತಿಂಗಳುಗಳು ಕಳೆದಂತೆ ಅಳತೆ ಬದಲಾಗಲೂಬಹುದು. ಆದಕಾರಣ ಪಂಪ್ ಕೊಳ್ಳುವ ಮುನ್ನ ಆ ಮಾದರಿಗೆ ಬೇರೆ ಅಳತೆಯ ಫ್ಲ್ಯಾಂಜುಗಳು ಅಥವಾ ಒಳಬಳೆಗಳು ನಮ್ಮಲ್ಲಿ ಬಿಡಿಯಾಗಿ ಸಿಗುತ್ತವೆಯೇ ಎಂದು ಹುಡುಕುವುದು, ಮೋಟರಿಗೆ ಎಷ್ಟು ಹಂತಗಳಿವೆ ಎಂದು ಎಣಿಸುವುದಕ್ಕಿಂತ ಎಷ್ಟೋ ಉಪಯುಕ್ತ. ನೈರ್ಮಲ್ಯದ ಕಾರಣಕ್ಕೆ ಪೆಟ್ಟಿಗೆ ಒಡೆದ ಪಂಪನ್ನು ಬಹುತೇಕ ಮಾರಾಟಗಾರರು ವಾಪಸು ತೆಗೆದುಕೊಳ್ಳುವುದಿಲ್ಲ ಎಂಬುದೂ ಆಗ ನೆನಪಿನಲ್ಲಿರಲಿ.

ಬಿಡಿಭಾಗಗಳ ವಿಷಯವೂ ಇದೇ ತೂಕದ್ದು. ಪ್ರತಿ ಪಂಪಿನಲ್ಲೂ ಸಿಲಿಕೋನಿನ ಒಂದು ಪುಟ್ಟ ವಾಲ್ವ್ ಇರುತ್ತದೆ, ಹಲವು ಮಾದರಿಗಳಲ್ಲಿ ಅದು ಬಾತುಕೋಳಿಯ ಕೊಕ್ಕಿನ ಆಕಾರದಲ್ಲಿರುತ್ತದೆ. ಸೆಳೆತವನ್ನು ಹಿಡಿದಿಡುವುದೇ ಅದರ ಕೆಲಸವಾದ್ದರಿಂದ ಅದರ ತುದಿಯ ಸೀಳು ಸಡಿಲವಾದರೆ ಹೊಸ ಮೋಟರೂ ಹಳೆಯದರಂತೆ ವರ್ತಿಸುತ್ತದೆ. ದಿನಕ್ಕೆ ಹಲವು ಬಾರಿ ಬಳಸುವವರು ಒಂದೆರಡು ತಿಂಗಳಿಗೊಮ್ಮೆ ಅದನ್ನು ಬದಲಿಸಬೇಕಾಗುತ್ತದೆ, ಬ್ರಷ್ ಹಾಕಿ ತಿಕ್ಕಿದರೆ ಇನ್ನೂ ಬೇಗ. ಹಾಲು ಇದ್ದಕ್ಕಿದ್ದಂತೆ ಕಡಿಮೆಯಾಯಿತೆಂದು ಮೆಂತ್ಯದ ಲಡ್ಡು, ಸಬ್ಬಸಿಗೆ ಪಲ್ಯ, ಬೆಳ್ಳುಳ್ಳಿ ಸಾರಿನ ಮೊರೆ ಹೋಗುವ ಮುನ್ನ ವಾಲ್ವನ್ನು ಬದಲಿಸಿ ನೋಡಬೇಕು (ಲಡ್ಡುವನ್ನು ಹೇಗಿದ್ದರೂ ತಿನ್ನಬಹುದು). ಮೆಡೆಲಾ, ಫಿಲಿಪ್ಸ್ ಅವೆಂಟ್, ಲವ್‌ಲ್ಯಾಪ್ ಮೊದಲಾದ, ನಮ್ಮಲ್ಲಿ ವ್ಯಾಪಕವಾಗಿ ಮಾರಾಟವಾಗುವ ಹೆಸರುಗಳಲ್ಲಿ ಇರುವ ನಿಜವಾದ ಅನುಕೂಲ ಬಿಡಿಭಾಗಗಳು ಸುಲಭವಾಗಿ ಕೈಗೆಟುಕುವುದು. ವಿದೇಶದಿಂದ ಬಂಧುಗಳು ತಂದುಕೊಡುವ ಪಂಪ್ ಎಷ್ಟು ಒಳ್ಳೆಯದಾದರೂ ಅದರ ವಾಲ್ವ್ ಇಲ್ಲಿ ಸಿಗದಿದ್ದರೆ ತೊಡಕು. ಅಲ್ಲದೆ ಅಮೆರಿಕದ ವಿದ್ಯುತ್ ಪೂರೈಕೆ 120 ವೋಲ್ಟ್, ನಮ್ಮದು 230, ಅಡಾಪ್ಟರಿನ ಮೇಲೆ 100ರಿಂದ 240 ಎಂದು ಬರೆದಿದೆಯೇ ಎಂದು ನೋಡದೆ ಪ್ಲಗ್ ಚುಚ್ಚಿದರೆ ಮೋಟರ್ ಸುಟ್ಟೀತು. ಒಳಗೇ ಬ್ಯಾಟರಿಯಿದ್ದು ಯುಎಸ್‌ಬಿಯಿಂದ ಚಾರ್ಜ್ ಆಗುವ ಪಂಪ್ ನಮ್ಮ ಕರೆಂಟಿನ ಮರ್ಜಿಗೆ ತಕ್ಕದ್ದು.

ಓಪನ್ ಸಿಸ್ಟಮ್, ಕ್ಲೋಸ್ಡ್ ಸಿಸ್ಟಮ್ ಎಂಬ ಇನ್ನೊಂದು ಭೇದವಿದೆ. ಹಾಲಿನ ದಾರಿಗೂ ಮೋಟರಿಗೆ ಹೋಗುವ ಗಾಳಿಯ ಕೊಳವೆಗೂ ನಡುವೆ ಪೊರೆಯೊಂದರ ತಡೆಯಿದ್ದರೆ ಅದು ಕ್ಲೋಸ್ಡ್. ತಡೆಯಿಲ್ಲದವುಗಳಲ್ಲಿ ಹಾಲಿನ ತೇವ ಕೊಳವೆಗೆ, ಅಲ್ಲಿಂದ ಮೋಟರಿನೊಳಕ್ಕೆ ಹೋಗಿ ಬೂಷ್ಟು ಕಟ್ಟಬಹುದು, ಮೋಟರಿನ ಒಳಭಾಗವನ್ನು ಯಾರೂ ತೊಳೆಯಲಾರರು. ನಮ್ಮ ಮಳೆಗಾಲದ ತೇವದಲ್ಲಿ, ಅದರಲ್ಲೂ ಕರಾವಳಿ ಮಲೆನಾಡುಗಳಲ್ಲಿ, ಕ್ಲೋಸ್ಡ್ ಅಲ್ಲದ ಪಂಪನ್ನು ಕೊಳ್ಳಲೇಬಾರದೆಂದು ಹೇಳುತ್ತೇನೆ.

ತೊಳೆಯುವುದರ ಬಗ್ಗೆ ಯಾವ ಜಾಹೀರಾತೂ ಹೇಳುವುದಿಲ್ಲ, ಆದರೆ ಪಂಪಿನೊಂದಿಗೆ ಕಳೆಯುವ ಹೊತ್ತಿನಲ್ಲಿ ಅರ್ಧ ಅದಕ್ಕೇ ಹೋಗುತ್ತದೆ. ಅಮೆರಿಕದಲ್ಲಿ ಅವಧಿಗೆ ಮುನ್ನ ಹುಟ್ಟಿದ ಮಗುವೊಂದಕ್ಕೆ ಕ್ರೋನೋಬ್ಯಾಕ್ಟರ್ ಎಂಬ ಅಪಾಯಕಾರಿ ಸೋಂಕು ತಗುಲಿ, ಅದರ ಜಾಡು ಪಂಪಿನ ಭಾಗಗಳಲ್ಲಿ ಸಿಕ್ಕಿದ ಮೇಲೆ ಅಲ್ಲಿನ ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿ 2017ರಲ್ಲಿ ಶುಚಿತ್ವದ ವಿವರವಾದ ಸೂಚನೆಗಳನ್ನು ಪ್ರಕಟಿಸಿತು. ಹಾಲು ತಾಗಿದ ಭಾಗಗಳನ್ನು ಪ್ರತಿ ಬಾರಿ ಬಿಡಿಸಿ, ಸಿಂಕಿನೊಳಗೆ ನೇರವಾಗಿ ಹಾಕದೆ ಅದಕ್ಕೆಂದೇ ಇಟ್ಟ ಬೋಗುಣಿಯಲ್ಲಿ ಸೋಪು ಬೆರೆಸಿದ ಬಿಸಿನೀರಿನಿಂದ ತೊಳೆದು, ಬಟ್ಟೆಯಿಂದ ಒರೆಸದೆ ಗಾಳಿಗೆ ಆರಲು ಬಿಡಬೇಕೆಂಬುದು ಅದರ ಸಾರ. ಎರಡು ತಿಂಗಳೊಳಗಿನ ಕೂಸುಗಳಿಗೂ ಅವಧಿಗೆ ಮುನ್ನ ಹುಟ್ಟಿದ ಮಕ್ಕಳಿಗೂ ದಿನಕ್ಕೊಮ್ಮೆ ಐದು ನಿಮಿಷ ಕುದಿಸುವುದನ್ನು ತಪ್ಪಿಸಬಾರದು. ಪಂಪಿನಲ್ಲಿ ತೊಳೆಯಬೇಕಾದ ತುಂಡುಗಳು ಎಷ್ಟಿವೆ, ಕೈಬೆರಳು ಹೋಗದ ಮೂಲೆಗಳಿವೆಯೇ ಎಂಬುದನ್ನು ಕೊಳ್ಳುವಾಗಲೇ ಎಣಿಸಿ ನೋಡಬೇಕೆಂದು ನಾನು ಹೇಳುವುದು ಇದಕ್ಕಾಗಿಯೇ. ಕಚೇರಿಯ ಕೈತೊಳೆಯುವ ಬೇಸಿನ್ನಿನಲ್ಲಿ, ಸರದಿ ಕಾಯುತ್ತಿರುವ ಸಹೋದ್ಯೋಗಿಗಳ ಮುಂದೆ ಪ್ರತಿ ಬಾರಿ ಈ ಕೆಲಸ ಮಾಡಲು ನನ್ನಿಂದಾಗಲಿಲ್ಲ. ಫ್ಲ್ಯಾಂಜ್, ವಾಲ್ವ್, ಬಾಟಲಿಗಳ ಹೆಚ್ಚುವರಿ ಜೊತೆಗಳನ್ನು ಕೊಂಡು, ಬಳಸಿದ್ದನ್ನು ಮುಚ್ಚಳದ ಡಬ್ಬಿಯಲ್ಲಿ ಬೇರೆಯಾಗಿಟ್ಟು ಸಂಜೆ ಮನೆಗೆ ತಂದು ಒಟ್ಟಿಗೆ ತೊಳೆಯುವ ವ್ಯವಸ್ಥೆ ಮಾಡಿಕೊಂಡೆ. ಪಂಪಿಗೆ ಕೊಟ್ಟ ಹಣಕ್ಕಿಂತ ಆ ಹೆಚ್ಚುವರಿ ಜೊತೆಗಳಿಗೆ ಕೊಟ್ಟ ಹಣವೇ ನನಗೆ ಹೆಚ್ಚು ನೆಮ್ಮದಿ ತಂದಿತು.

ಐವತ್ತು ಅಥವಾ ಅದಕ್ಕಿಂತ ಹೆಚ್ಚು ಉದ್ಯೋಗಿಗಳಿರುವ ಸಂಸ್ಥೆ ಶಿಶುಪಾಲನಾ ಕೇಂದ್ರದ ಸೌಲಭ್ಯ ಒದಗಿಸಬೇಕು, ತಾಯಿ ದಿನಕ್ಕೆ ನಾಲ್ಕು ಬಾರಿ ಅಲ್ಲಿಗೆ ಹೋಗಿಬರಬಹುದು ಎಂದು 2017ರ ತಿದ್ದುಪಡಿ ಹೇಳಿತು. ಮಗುವಿಗೆ ಹದಿನೈದು ತಿಂಗಳಾಗುವವರೆಗೆ ದಿನಕ್ಕೆ ಎರಡು ಹಾಲುಣಿಸುವ ವಿರಾಮಗಳು 1961ರ ಮೂಲ ಕಾಯಿದೆಯಲ್ಲೇ ಇದ್ದವು. ಹಾಲು ತೆಗೆಯಲು ಕೋಣೆ ಕೊಡಬೇಕೆಂಬ ಮಾತು ಮಾತ್ರ ಅವುಗಳಲ್ಲಿ ಇಲ್ಲ. ಕೊನೆಗೆ ಅದು ಮಾನವ ಸಂಪನ್ಮೂಲ ವಿಭಾಗದವರ ಸೌಜನ್ಯಕ್ಕೆ ಬಿಟ್ಟ ವಿಷಯವಾಗುತ್ತದೆ. ರಜೆ ಮುಗಿಯುವುದಕ್ಕೆ ಒಂದು ತಿಂಗಳ ಮೊದಲೇ ಚಿಲಕವಿರುವ ಕೋಣೆ, ಒಂದು ಕುರ್ಚಿ, ಒಂದು ಪ್ಲಗ್ ಪಾಯಿಂಟ್ ಬೇಕೆಂದು ಲಿಖಿತವಾಗಿ ಕೇಳುವುದು ಒಳ್ಳೆಯದು. ಕೋಣೆಯ ಗೋಡೆ ತೆಳ್ಳಗಿದ್ದರೆ ಪಂಪಿನ ಸದ್ದೂ ಲೆಕ್ಕಕ್ಕೆ ಬರುತ್ತದೆ, ಹಾಗಾಗಿ ಕೊಳ್ಳುವ ಮುನ್ನ ಬಳಕೆದಾರರು ಹಾಕಿದ ವಿಡಿಯೊಗಳಲ್ಲಿ ಅದರ ಸದ್ದನ್ನು ಕೇಳಿಕೊಳ್ಳಬೇಕು. ಶೌಚಾಲಯದಲ್ಲಿ ಕುಳಿತು ಹಾಲು ತೆಗೆಯಿರಿ ಎಂದು ಯಾರಾದರೂ ಹೇಳಿದರೆ, ನೀವು ಅಲ್ಲಿ ಕುಳಿತು ಊಟ ಮಾಡುವಿರಾ ಎಂದು ಕೇಳಲು ಸಂಕೋಚಪಡಬೇಕಾಗಿಲ್ಲ.

ತೆಗೆದ ಹಾಲು 25 ಡಿಗ್ರಿವರೆಗಿನ ಕೋಣೆಯ ಉಷ್ಣತೆಯಲ್ಲಿ ನಾಲ್ಕು ಗಂಟೆ, ಫ್ರಿಜ್ಜಿನಲ್ಲಿ ನಾಲ್ಕು ದಿನ, ಒಳ್ಳೆಯ ಫ್ರೀಜರಿನಲ್ಲಿ ಆರು ತಿಂಗಳು ಕೆಡದೆ ಇರುತ್ತದೆ. ಮೊದಲ ಅಂಕಿಯನ್ನು ಓದುವಾಗ ಕಲಬುರಗಿ, ರಾಯಚೂರುಗಳ ಬೇಸಿಗೆ ಬಿಡಿ, ಬೆಂಗಳೂರಿನ ಏಪ್ರಿಲ್ ಕೂಡ 25 ಡಿಗ್ರಿಯಲ್ಲ ಎಂಬುದನ್ನು ಮರೆಯಬಾರದು. ಐಸ್ ಪ್ಯಾಕ್ ತುಂಬಿದ ಕೂಲರ್ ಚೀಲದಲ್ಲಿ ಒಂದು ದಿನದವರೆಗೆ ಇಡಬಹುದಾದ್ದರಿಂದ ಸಂಜೆಯ ಟ್ರಾಫಿಕ್ ದಾಟುವುದಕ್ಕೆ ಅದೇ ಆಧಾರ. ಕರಗಿಸಿದ ಹಾಲನ್ನು ಮತ್ತೆ ಹೆಪ್ಪುಗಟ್ಟಿಸುವಂತಿಲ್ಲ, ಮೈಕ್ರೊವೇವ್ ಬೇಡ, ಮಗು ಕುಡಿದು ಉಳಿಸಿದ್ದನ್ನು ಎರಡು ಗಂಟೆಯೊಳಗೆ ಕುಡಿಸಬೇಕು ಇಲ್ಲವೇ ಚೆಲ್ಲಬೇಕು.

ಹಾಲು ಎಷ್ಟು ಬೇಕೆಂಬ ಆತಂಕ ಎಲ್ಲರಿಗೂ ಇರುತ್ತದೆ. ಒಂದರಿಂದ ಆರು ತಿಂಗಳವರೆಗಿನ ಎದೆಹಾಲಿನ ಮಗು ಸರಾಸರಿ ದಿನಕ್ಕೆ ಸುಮಾರು 750 ಮಿಲಿಲೀಟರ್ ಕುಡಿಯುತ್ತದೆ, ಅಂದರೆ ಗಂಟೆಗೆ 30 ಮಿಲಿಯ ಆಸುಪಾಸು. ಮಗುವಿನಿಂದ ಮಗುವಿಗೆ ಇದು ಸಾಕಷ್ಟು ಹೆಚ್ಚುಕಡಿಮೆಯಾದರೂ, ಹತ್ತು ಗಂಟೆ ದೂರವಿರುವ ತಾಯಿಗೆ 300ರಿಂದ 400 ಮಿಲಿ ಇದ್ದರೆ ನಡೆಯುತ್ತದೆ. ಫ್ರೀಜರ್ ತುಂಬ ಹಾಲಿನ ಚೀಲಗಳನ್ನು ಜೋಡಿಸಿ ತೋರಿಸುವ ವಿಡಿಯೊಗಳನ್ನು ನೋಡಿ ರಜೆಯಲ್ಲೇ ದಿನಕ್ಕೆ ಹಲವು ಬಾರಿ ಹೆಚ್ಚುವರಿ ಹಾಲು ತೆಗೆಯತೊಡಗಿದರೆ ದೇಹ ಅವಳಿ ಮಕ್ಕಳಿದ್ದಾರೆಂದು ಭಾವಿಸಿ ಹಾಲನ್ನು ಏರಿಸುತ್ತದೆ, ಬಳಿಕ ಹಾಲು ಕಟ್ಟಿಕೊಂಡು ಎದೆ ಬಾತು, ಜ್ವರ ಬಂದು ವೈದ್ಯರ ಬಳಿಗೆ ಓಡಬೇಕಾದೀತು. ಮೊದಲೆರಡು ದಿನಗಳಿಗೆ ಸಾಕಾಗುವಷ್ಟು ಮುಂಗಡ ಇದ್ದರೆ ಸಾಕು, ಆಮೇಲೆ ಇಂದು ತೆಗೆದದ್ದು ನಾಳೆಗೆ. ಪಂಪಿನಲ್ಲಿ ಬಂದಷ್ಟೇ ತನ್ನ ಹಾಲು ಎಂದು ಅಳೆಯುವುದೂ ತಪ್ಪು ಲೆಕ್ಕ, ಚೆನ್ನಾಗಿ ಕುಡಿಯುವ ಮಗು ಯಾವ ಯಂತ್ರಕ್ಕಿಂತಲೂ ಹೆಚ್ಚು ತೆಗೆಯಬಲ್ಲದು.

ಮನೆಯಲ್ಲಿ ಈ ಹಾಲನ್ನು ಕುಡಿಸುವವರು ನಮ್ಮ ಅತ್ತೆಯವರು. ಫ್ರಿಜ್ಜಿನಲ್ಲಿಟ್ಟ ಹಾಲು ಮೇಲೆ ಕೆನೆಯಾಗಿ, ಕೆಳಗೆ ನೀಲಿ ಛಾಯೆಯ ತೆಳುನೀರಾಗಿ ಬೇರ್ಪಟ್ಟಿರುವುದನ್ನು ಮೊದಲ ಬಾರಿ ನೋಡಿದಾಗ ಅವರು, “ಇದೇನಮ್ಮ, ಹಾಲು ಒಡೆದುಹೋದ ಹಾಗಿದೆಯಲ್ಲ, ಒಂದು ಕುದಿ ಕಾಯಿಸಿ ಕೊಡಲೇ?” ಎಂದು ಕೇಳಿದ್ದು ಸಹಜವೇ ಆಗಿತ್ತು. ಜೀವನವಿಡೀ ಹಾಲನ್ನು ಉಕ್ಕದಂತೆ ಕಾಯಿಸಿದ ಕೈಗಳಿಗೆ ಕಾಯಿಸದ ಹಾಲನ್ನು ಮಗುವಿಗೆ ಕೊಡುವುದೆಂದರೆ ಮನಸ್ಸು ಒಪ್ಪುವುದಿಲ್ಲ. ಎದೆಹಾಲನ್ನು ಕುದಿಸಿದರೆ ಅದರಲ್ಲಿರುವ ರಕ್ಷಕ ಅಂಶಗಳು ನಾಶವಾಗುತ್ತವೆ, ಬಿಸಿನೀರಿನ ಬಟ್ಟಲಿನಲ್ಲಿ ಬಾಟಲಿಯನ್ನಿಟ್ಟು ಉಗುರುಬೆಚ್ಚಗೆ ಮಾಡಿ ಮೆಲ್ಲಗೆ ತಿರುಗಿಸಿದರೆ ಕೆನೆ ಬೆರೆಯುತ್ತದೆ ಎಂದು ಶಿಶುವೈದ್ಯರ ಬಾಯಿಂದಲೇ ಹೇಳಿಸಿದೆ. ಕುಡಿಸುವ ಬಗೆಯಲ್ಲಿ ಮಾತ್ರ ಅವರೇ ನನಗೆ ಕಲಿಸಿದರು. ಪಂಪಿನ ಜೊತೆ ಬಂದಿದ್ದ ನಿಪ್ಪಲ್ ಬಾಟಲಿಯನ್ನು ಪಕ್ಕಕ್ಕಿಟ್ಟು, ನನ್ನ ಗಂಡನಿಗೆ ಕುಡಿಸಿದ್ದ ಬೆಳ್ಳಿಯ ಒಳಲೆಯನ್ನು ಹೊರತೆಗೆದರು. ಬಾಟಲಿಯ ಬದಲು ಬಟ್ಟಲು, ಚಮಚೆ, ಒಳಲೆಗಳನ್ನೇ ನಮ್ಮ ದೇಶದ ಶಿಶುವೈದ್ಯರೂ ಸೂಚಿಸುತ್ತಾರೆ, ಅವನ್ನು ತೊಳೆಯುವುದು ಸುಲಭ, ಮಗು ಬಾಟಲಿಗೆ ಒಗ್ಗಿ ಎದೆಯನ್ನು ನಿರಾಕರಿಸುವ ಭಯವೂ ಕಡಿಮೆ. ಮಗುವನ್ನು ಪೂರ್ತಿ ಮಲಗಿಸದೆ ತಲೆ ಎತ್ತರಿಸಿ ಹಿಡಿದು, ಸ್ವಲ್ಪ ಸ್ವಲ್ಪವಾಗಿ, ನುಂಗಿದ್ದನ್ನು ನೋಡಿಕೊಂಡು ಹಾಕಬೇಕು ಅಷ್ಟೆ.

ಆರು ತಿಂಗಳು ತುಂಬಿ ರಾಗಿ ಸರಿ ಶುರುವಾದ ಮೇಲೆ ಹಗಲಿನ ಹಾಲು ನಿಧಾನವಾಗಿ ಕಡಿಮೆಯಾಗುತ್ತ ಬರುತ್ತದೆ, ಕಚೇರಿಯಲ್ಲಿ ಮೂರು ಬಾರಿ ತೆಗೆಯುತ್ತಿದ್ದುದನ್ನು ಎರಡಕ್ಕೆ, ವರ್ಷ ತುಂಬುವ ಹೊತ್ತಿಗೆ ಒಂದಕ್ಕೆ ಇಳಿಸಿ ನಿಲ್ಲಿಸಬಹುದು. ಒಮ್ಮೆಲೇ ಬಿಡಬಾರದು, ಒಂದು ಹೊತ್ತನ್ನು ಕೈಬಿಟ್ಟು ಎದೆ ಹೊಂದಿಕೊಂಡ ಮೇಲೆ ಇನ್ನೊಂದು. ಬೆಳಗ್ಗೆ, ಸಂಜೆ, ರಾತ್ರಿ ಮಗುವಿಗೆ ಕುಡಿಸುವುದು ಅದರ ಪಾಡಿಗೆ ನಡೆಯುತ್ತದೆ. ಆಮೇಲೆ ಪಂಪನ್ನು ಏನು ಮಾಡುವುದೆಂಬ ಪ್ರಶ್ನೆ ಬರುತ್ತದೆ. ಮಲಗುವ ಕೋಣೆಯ ಕಪಾಟಿನಲ್ಲಿರುವ ನನ್ನ ಪಂಪನ್ನು ನನ್ನ ನಾದಿನಿ ಈಗಾಗಲೇ ಕೇಳಿದ್ದಾಳೆ. ಮನೆಬಳಕೆಯ ಪಂಪುಗಳು ಒಬ್ಬರೇ ಬಳಸಲೆಂದು ಮಾಡಿದವು, ಬೇರೆಯವರ ಹಾಲು ತಾಗಿದ ಯಂತ್ರದಿಂದ ಸೋಂಕು ದಾಟುವ ಸಾಧ್ಯತೆಯಿದೆ, ಸಾಲದ್ದಕ್ಕೆ ಬಳಸಿದ ಮೋಟರಿನ ಬಲವೂ ತಗ್ಗಿರುತ್ತದೆ. ಹಾಗಾಗಿ ಯಂತ್ರವನ್ನು ಕೊಡುವುದಿಲ್ಲವೆಂದು ಅವಳಿಗೆ ಹೇಳಿದ್ದೇನೆ, ಅವಳ ಹೆರಿಗೆಯಾಗಿ ಕೆಲಸಕ್ಕೆ ಮರಳುವ ದಿನಾಂಕ ಗೊತ್ತಾದ ಮೇಲೆ ಅಳತೆಪಟ್ಟಿ ಹಿಡಿದು ಇಬ್ಬರೂ ಕೂತು ಅವಳದೇ ಒಂದನ್ನು ಆರಿಸುತ್ತೇವೆ. ಕೂಲರ್ ಚೀಲವನ್ನಂತೂ ಅವಳು ಆಗಲೇ ಒಯ್ದಿದ್ದಾಳೆ.